ಹೊರಗಿನವರು ಬರೆದ ಚರಿತ್ರೆ ಯಾರದು?

2022ರ ಮಾರ್ಚ್ 10ರಂದು ಆಕ್ಸ್‌ಫರ್ಡ್‌ನಲ್ಲಿ ಜಾನ್ ಎಲಿಯಟ್ ತೀರಿಕೊಂಡರು. ಆಗ ಅವರಿಗೆ 91 ವರ್ಷ. ಇಂಗ್ಲೆಂಡಿನ ರೆಡಿಂಗ್‌ನಲ್ಲಿ ಹುಟ್ಟಿ, ಈಟನ್ ಮತ್ತು ಕೇಂಬ್ರಿಡ್ಜ್‌ಗಳಲ್ಲಿ ಓದಿದ ಈ ಇತಿಹಾಸಕಾರರಿಗೆ ಸ್ಪೇನಿನ ಪತ್ರಿಕೆಗಳು ಮನೆಯ ಹಿರಿಯರೊಬ್ಬರು ಹೋದಾಗ ಸಲ್ಲಿಸುವ ಗೌರವವನ್ನೇ ಸಲ್ಲಿಸಿದವು. ಸುಮಾರು ಎಪ್ಪತ್ತು ವರ್ಷ ಅವರು ದುಡಿದದ್ದು ಸ್ಪೇನಿನ ಗತಕಾಲವನ್ನು ಅರಿಯುವುದಕ್ಕೆ. ಅವರ ಬದುಕನ್ನು ಓದುವಾಗ ಹಳೆಯ ಪ್ರಶ್ನೆಯೊಂದು ಮತ್ತೆ ಎದುರಾಗುತ್ತದೆ: ಒಂದು ನಾಡಿನ ಚರಿತ್ರೆಯನ್ನು ಬರೆಯುವ ಹಕ್ಕು ಯಾರಿಗಿದೆ? ಆ ಮಣ್ಣಿನಲ್ಲಿ ಹುಟ್ಟದವರು ಬರೆದದ್ದನ್ನು ಆ ಮಣ್ಣಿನವರು ಏಕೆ ಒಪ್ಪಬೇಕು?

ಕರ್ನಾಟಕದಲ್ಲಿ ಈ ಪ್ರಶ್ನೆ ಆಗಾಗ ಬಿಸಿಯೇರುತ್ತದೆ. ಆಸ್ಟ್ರೇಲಿಯಾದ ಪರ್ತ್, ಬ್ರಿಸ್ಬೇನ್, ಅಡಿಲೇಡ್‌ಗಳಲ್ಲಿ ಮನೆ ಮಾಡಿಕೊಂಡಿರುವ ಕನ್ನಡಿಗರಿಗೆ ಇದು ಇನ್ನೂ ಹತ್ತಿರದ ಪ್ರಶ್ನೆ, ಏಕೆಂದರೆ ನಾವು ಬದುಕುತ್ತಿರುವುದು ಇನ್ನೊಬ್ಬರ ನೆಲದಲ್ಲಿ. ಚರಿತ್ರೆ ಬರೆಯುವ ಹಕ್ಕು ಹುಟ್ಟಿನಿಂದ ದಕ್ಕುವುದಿಲ್ಲ ಎಂದು ನಾನು ನಂಬಿದ್ದೇನೆ. ಹಾಗೆಂದು ಅದು ಯಾರಿಗೂ ಪುಕ್ಕಟೆಯಾಗಿ ಸಿಗುವುದೂ ಇಲ್ಲ. ಹೊರಗಿನವರು ಅದನ್ನು ದುಡಿದು ಗಳಿಸಬೇಕು, ಒಳಗಿನವರೂ ದುಡಿದೇ ಗಳಿಸಬೇಕು.

ಎಲಿಯಟ್ ಹೇಗೆ ದುಡಿದರು ಎಂಬುದನ್ನು ಮೊದಲು ನೋಡೋಣ. 1950ರ ಬೇಸಿಗೆಯಲ್ಲಿ, ಇನ್ನೂ ವಿದ್ಯಾರ್ಥಿಯಾಗಿದ್ದಾಗ, ಅವರು ಗೆಳೆಯರ ಜೊತೆ ಸ್ಪೇನ್ ಸುತ್ತಲು ಹೋದರು. ಮ್ಯಾಡ್ರಿಡ್‌ನ ಪ್ರಾಡೊ ಸಂಗ್ರಹಾಲಯದಲ್ಲಿ ವೆಲಾಸ್ಕೆಸ್ ಬರೆದ ಒಂದು ಚಿತ್ರ ಅವರನ್ನು ಹಿಡಿದು ನಿಲ್ಲಿಸಿತು. ಕುದುರೆಯೇರಿ ಗತ್ತಿನಿಂದ ತಿರುಗಿ ನೋಡುತ್ತಿರುವ ಒಲಿವಾರೆಸ್ ಪ್ರಭುವಿನ ಚಿತ್ರ ಅದು. ನಾಲ್ಕನೇ ಫಿಲಿಪ್ ದೊರೆಯ ಮುಖ್ಯಮಂತ್ರಿಯಾಗಿದ್ದ ಈತ ಸ್ಪೇನನ್ನು ಕುಸಿತದಿಂದ ಎತ್ತಲು ಹೆಣಗಿ, 1643ರಲ್ಲಿ ಅಧಿಕಾರ ಕಳೆದುಕೊಂಡವನು. ಈತನನ್ನೇ ಅಧ್ಯಯನ ಮಾಡಬೇಕೆಂದು ಎಲಿಯಟ್ ಸಿಮಾಂಕಾಸ್‌ನ ರಾಜ್ಯ ಪತ್ರಾಗಾರಕ್ಕೆ ಹೋದರು. ಅಲ್ಲಿ ಬೇಕಾದದ್ದು ಸಿಗಲಿಲ್ಲ. ಒಲಿವಾರೆಸ್‌ನ ಖಾಸಗಿ ಕಾಗದಪತ್ರಗಳಲ್ಲಿ ಬಹುಪಾಲು 18ನೇ ಶತಮಾನದ ಕೊನೆಯಲ್ಲೇ ಬೆಂಕಿಗೆ ಆಹುತಿಯಾಗಿದ್ದವು. ತರುಣ ಸಂಶೋಧಕ ದಾರಿ ಬದಲಿಸಿ ಬಾರ್ಸಿಲೋನಾಕ್ಕೆ ನಡೆದರು. ಒಲಿವಾರೆಸ್‌ನ ವಿರುದ್ಧ 1640ರಲ್ಲಿ ದಂಗೆಯೆದ್ದ ಕೆಟಲೋನಿಯಾ ಪ್ರಾಂತದ ದಾಖಲೆಗಳು ಅಲ್ಲಿದ್ದವು.

ಅದು ಫ್ರಾಂಕೊನ ಸರ್ವಾಧಿಕಾರದ ಕಾಲ. ಶಾಲೆ, ಕಚೇರಿ, ಸಾರ್ವಜನಿಕ ಬದುಕಿನಿಂದ ಕೆಟಲಾನ್ ಭಾಷೆಯನ್ನು ಹೊರಗಟ್ಟಲಾಗಿತ್ತು. ಎಲಿಯಟ್ ಕೆಟಲಾನ್ ಮಾತಾಡುವ ಕುಟುಂಬವೊಂದರ ಜೊತೆ ಇದ್ದುಕೊಂಡು ಆ ಭಾಷೆ ಕಲಿತರು. ಒಮ್ಮೆ ಬೀದಿಯಲ್ಲಿ ಪೊಲೀಸನೊಬ್ಬನನ್ನು ಕೆಟಲಾನ್‌ನಲ್ಲಿ ದಾರಿ ಕೇಳಿದಾಗ, ಸಾಮ್ರಾಜ್ಯದ ಭಾಷೆಯಲ್ಲಿ ಮಾತಾಡು ಎಂಬ ಗದರಿಕೆ ಸಿಕ್ಕಿತಂತೆ. ಪತ್ರಾಗಾರದಲ್ಲಿ ಓದುತ್ತಿದ್ದ 17ನೇ ಶತಮಾನದ ಜಗಳ ಬೀದಿಯಲ್ಲಿ ಇನ್ನೂ ಮುಗಿದಿಲ್ಲ ಎಂಬುದು ಅವರಿಗೆ ಅನುಭವಕ್ಕೇ ಬಂತು. ಊಟದ ಮನೆಯಲ್ಲಿ ಆ ಭಾಷೆಯನ್ನು ಕೇಳದಿದ್ದರೆ ಈ ತಿಳಿವಳಿಕೆ ಅವರಿಗೆ ದಕ್ಕುತ್ತಿರಲಿಲ್ಲ.

1963ರಲ್ಲಿ ಹೊರಬಂದ ಅವರ ‘ದಿ ರಿವೋಲ್ಟ್ ಆಫ್ ದಿ ಕೆಟಲನ್ಸ್’ ಎರಡೂ ಕಡೆಯವರ ನೆಮ್ಮದಿ ಕಲಕಿತು. ಮ್ಯಾಡ್ರಿಡ್‌ನ ದಬ್ಬಾಳಿಕೆಯ ಎದುರು ಇಡೀ ಕೆಟಲೋನಿಯಾ ಒಂದೇ ದನಿಯಲ್ಲಿ ಎದ್ದಿತೆಂಬುದು ಅಭಿಮಾನಿಗಳ ಕಥನವಾಗಿತ್ತು. ಆ ಒಂದು ದನಿಯೊಳಗೆ ಡಕಾಯಿತರ ಹಾವಳಿಯಿದೆ, ಗುಂಪುಗಳ ಹಗೆಯಿದೆ, ತಮ್ಮ ಸವಲತ್ತು ಕಾಯ್ದುಕೊಳ್ಳುವ ಶ್ರೀಮಂತರ ಲೆಕ್ಕಾಚಾರವಿದೆ ಎಂದು ಎಲಿಯಟ್ ತೋರಿಸಿದರು. ಸಾಮ್ರಾಜ್ಯದ ಯುದ್ಧಗಳ ಭಾರ ಕ್ಯಾಸ್ಟೀಲ್ ಒಂದರ ಮೇಲೇ ಬೀಳುತ್ತಿದ್ದಾಗ, ಸೈನ್ಯದ ಹೊರೆಯನ್ನು ಎಲ್ಲ ಪ್ರಾಂತಗಳೂ ಹಂಚಿಕೊಳ್ಳಲಿ ಎಂದ ಒಲಿವಾರೆಸ್‌ನ ಯೋಜನೆಗೂ ತನ್ನದೇ ನ್ಯಾಯವಿತ್ತು ಎಂದರು. ಅದೇ ಹೊತ್ತಿಗೆ, ಎಲ್ಲ ಪ್ರಾಂತಗಳನ್ನೂ ಒಂದೇ ಅಚ್ಚಿಗೆ ಸುರಿಯುವ ಹಟವೇ ರಾಜ್ಯವನ್ನು ಒಡೆಯಿತು ಎಂದೂ ಹೇಳಿದರು. ಅಖಂಡತೆಯ ಜಪ ಮಾಡುತ್ತಿದ್ದ ಫ್ರಾಂಕೊ ಆಡಳಿತಕ್ಕೆ ಈ ಮಾತು ಹಿತವಾಗುವಂಥದಾಗಿರಲಿಲ್ಲ.

ಇದು ಹೊರಗಿನವರ ಕಣ್ಣಿನ ಗೆಲುವೇ? ಅರ್ಧ ಮಾತ್ರ. ಅಭಿಮಾನದ ಕಥನವನ್ನು ಬಿಟ್ಟು ಸಾಕ್ಷ್ಯದ ಚರಿತ್ರೆ ಬರೆಯಬೇಕೆಂದು ಬಾರ್ಸಿಲೋನಾದೊಳಗೇ ಜೌಮೆ ವಿಸೆನ್ಸ್ ವಿವೆಸ್ ಎಂಬ ಇತಿಹಾಸಕಾರ ಹೋರಾಡುತ್ತಿದ್ದರು. ಎಲಿಯಟ್‌ಗೆ ಅವರ ಸ್ನೇಹ, ಮಾರ್ಗದರ್ಶನ ಎರಡೂ ಸಿಕ್ಕವು. ಇನ್ನೊಂದು ಸಂಗತಿಯೂ ಇದೆ. ಸಾಮ್ರಾಜ್ಯ ಕಳೆದುಕೊಂಡು ಕುಗ್ಗುತ್ತಿದ್ದ ಬ್ರಿಟನ್ನಿನಿಂದ ಬಂದದ್ದರಿಂದಲೇ 17ನೇ ಶತಮಾನದ ಸ್ಪೇನಿನ ಅವನತಿ ತಮ್ಮನ್ನು ಸೆಳೆಯಿತೆಂದು ಎಲಿಯಟ್ಟರೇ ಒಪ್ಪಿಕೊಂಡಿದ್ದಾರೆ. ಹೊರಗಿನವರು ಬರಿಗಣ್ಣಿನಿಂದ ಬರುವುದಿಲ್ಲ, ತಮ್ಮ ನಾಡಿನ ಚಿಂತೆಯನ್ನು ಹೊತ್ತುಕೊಂಡೇ ಬರುತ್ತಾರೆ. ಒಳ್ಳೆಯ ಇತಿಹಾಸಕಾರ ಆ ಚಿಂತೆಯನ್ನು ಪ್ರಶ್ನೆಯಾಗಿ ಬಳಸುತ್ತಾನೆ, ಉತ್ತರವಾಗಿ ಬಳಸುವುದಿಲ್ಲ.

ಒಳಗಿನವರು ಎನ್ನುವುದಾದರೂ ಯಾರನ್ನು? 1955ರ ಬಾರ್ಸಿಲೋನಾದ ನಾಗರಿಕ 1640ನ್ನು ಕಂಡವನಲ್ಲ. ಇವತ್ತಿನ ಹೊಸಪೇಟೆಯಲ್ಲಿ ಹುಟ್ಟಿದವರಿಗೂ ವಿಜಯನಗರದ ಶಾಸನ ತಾನಾಗಿ ಅರ್ಥವಾಗುವುದಿಲ್ಲ, ಲಿಪಿಯಿಂದ ಹಿಡಿದು ಎಲ್ಲವನ್ನೂ ಕಲಿಯಬೇಕು. ಕಾಲದ ಮಟ್ಟಿಗೆ ಬದುಕಿರುವವರೆಲ್ಲರೂ ಹೊರಗಿನವರೇ. ಒಳಗಿನವರಿಗೆ ನಿಜವಾಗಿ ಇರುವ ಹೆಚ್ಚುಗಾರಿಕೆ ಎಂದರೆ ಭಾಷೆಯ ಸಲುಗೆ, ನೆಲದ ಪರಿಚಯ, ಮತ್ತು ಎಲ್ಲಕ್ಕಿಂತ ಮುಖ್ಯವಾಗಿ, ಆ ಚರಿತ್ರೆಯ ಫಲವನ್ನು ಇಂದಿಗೂ ಉಣ್ಣುವವರು ಅವರೇ ಎಂಬುದು. ಹೊರಗಿನವರಿಗೆ ಅಚ್ಚರಿಯ ಹೆಚ್ಚುಗಾರಿಕೆ ಇದೆ.

ಕನ್ನಡ ನಾಡಿನ ಚರಿತ್ರೆಯೇ ಇದಕ್ಕೆ ಸಾಕ್ಷಿ. 1580ರಿಂದ 1640ರವರೆಗೆ ಪೋರ್ಚುಗಲ್ಲಿನ ಕಿರೀಟ ಸ್ಪೇನಿನ ದೊರೆಗಳ ತಲೆಯ ಮೇಲಿತ್ತು. ಹಾಗಾಗಿ 1623ರಲ್ಲಿ ಗೋವೆಯಿಂದ ಇಕ್ಕೇರಿಯ ವೆಂಕಟಪ್ಪ ನಾಯಕನ ಬಳಿಗೆ ಬಂದ ರಾಯಭಾರಿಯ ಒಡೆಯ ನಾಲ್ಕನೇ ಫಿಲಿಪ್, ಅಂದರೆ ಒಲಿವಾರೆಸ್‌ನ ದೊರೆಯೇ. ಆ ರಾಯಭಾರಿಯ ಜೊತೆ ಬಂದ ರೋಮಿನ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ, ಹುಡುಗರು ಮರಳ ಮೇಲೆ ಬೆರಳಾಡಿಸುತ್ತ ರಾಗವಾಗಿ ಹೇಳಿಕೊಂಡು ಲೆಕ್ಕ ಕಲಿಯುವುದನ್ನು ಕಂಡು ಬರೆದಿಟ್ಟ. ಮಲೆನಾಡಿನ ತಾಯ್ತಂದೆಯರಿಗೆ ಅದು ನಿತ್ಯದ ನೋಟ. ನಿತ್ಯದ್ದನ್ನು ಒಳಗಿನವರು ಬರೆದಿಡುವುದು ಅಪರೂಪ.

ಎಲಿಯಟ್‌ರ ಕಥೆಗೆ ಕನ್ನಡಿ ಹಿಡಿದಂಥ ಬದುಕೊಂದು ನಮ್ಮಲ್ಲೇ ಇದೆ. 1888ರಲ್ಲಿ ಬಾರ್ಸಿಲೋನಾದಲ್ಲಿ ಹುಟ್ಟಿದ ಜೆಸ್ವಿಟ್ ಪಾದ್ರಿ ಹೆನ್ರಿ ಹೆರಾಸ್ 1922ರಲ್ಲಿ ಮುಂಬಯಿಗೆ ಬಂದು ಸೇಂಟ್ ಝೇವಿಯರ್ಸ್ ಕಾಲೇಜಿನಲ್ಲಿ ಮೇಷ್ಟರಾದರು. ಇಂಗ್ಲೆಂಡಿನವರು ಕೆಟಲೋನಿಯಾದ ಚರಿತ್ರೆ ಬರೆಯುವುದಕ್ಕೆ ಮೂರು ದಶಕ ಮೊದಲೇ ಕೆಟಲೋನಿಯಾದವರೊಬ್ಬರು ವಿಜಯನಗರದ ಚರಿತ್ರೆ ಬರೆದಿದ್ದರು. 1927ರಲ್ಲಿ ಅವರ ಅರವೀಡು ವಂಶದ ಗ್ರಂಥ ಬಂತು, 1929ರಲ್ಲಿ ವಿಜಯನಗರದ ಆರಂಭದ ಕುರಿತ ಪುಸ್ತಕ. ಆ ಎರಡನೆಯ ಪುಸ್ತಕದಲ್ಲಿ ಎರಡು ಮಾತುಗಳಿದ್ದವು. ವಿಜಯನಗರದ ಬೇರು ಹೊಯ್ಸಳರಲ್ಲಿ, ಮೂರನೇ ಬಲ್ಲಾಳನಲ್ಲಿ ಇದೆ ಎಂಬುದು ಮೊದಲನೆಯದು. ವಿದ್ಯಾರಣ್ಯರು ರಾಜ್ಯ ಸ್ಥಾಪಿಸಿದರೆಂಬ ಕಥೆ ನಂತರದ ಕಾಲದಲ್ಲಿ ಕಟ್ಟಿದ್ದು ಎಂಬುದು ಎರಡನೆಯದು. ತೆಲುಗು ಮೂಲದ ವಾದಕ್ಕೆ ಎದುರಾಗಿ ನಿಂತ ಮೊದಲನೆಯ ಮಾತು ಕನ್ನಡಿಗರಿಗೆ ಪ್ರಿಯವಾಯಿತು. ಎರಡನೆಯದು ಹಲವರ ಮನಸ್ಸನ್ನು ನೋಯಿಸಿ, ದೀರ್ಘ ವಿವಾದವಾಗಿ ಬೆಳೆಯಿತು.

ನಮ್ಮ ಪ್ರಾಮಾಣಿಕತೆಯ ಪರೀಕ್ಷೆ ಇಲ್ಲೇ ಇದೆ. ಒಂದೇ ಪುಸ್ತಕದ ಒಂದು ಮಾತನ್ನು ವಿದ್ವಾಂಸರ ನಿರ್ಣಯವೆಂದು ಎತ್ತಿಕೊಂಡು, ಇನ್ನೊಂದನ್ನು ಪರದೇಶಿ ಪಾದ್ರಿಯ ಮಾತೆಂದು ತಳ್ಳುವುದು ನ್ಯಾಯವಲ್ಲ. ಹೊಗಳಿದಾಗ ಲೇಖಕನ ಊರು ಕೇಳದವರು ಟೀಕಿಸಿದಾಗಲೂ ಕೇಳಬಾರದು. ಎರಡೂ ಮಾತುಗಳನ್ನು ಶಾಸನ, ದಾಖಲೆಗಳ ತಕ್ಕಡಿಯಲ್ಲೇ ತೂಗಬೇಕು. ಅಂದಿನ ವಿದ್ವಾಂಸರಲ್ಲಿ ಹಲವರು ಹಾಗೆ ಶಾಸನಗಳನ್ನು ಮುಂದಿಟ್ಟುಕೊಂಡೇ ಉತ್ತರ ಬರೆದರು. ಹೆರಾಸ್ ಕಟ್ಟಿದ ಸಂಶೋಧನ ಸಂಸ್ಥೆಯಿಂದಲೇ ಅವರ ಶಿಷ್ಯ ಜಾರ್ಜ್ ಮೊರಾಯೆಸ್ ಕದಂಬರ ಚರಿತ್ರೆಯನ್ನು ಹೇಳುವ ‘ಕದಂಬ ಕುಲ’ವನ್ನು 1931ರಲ್ಲಿ ಹೊರತಂದರು. ತನ್ನನ್ನು ತಿದ್ದಬಲ್ಲ ಒಳಗಿನವರನ್ನು ತಯಾರು ಮಾಡಿ ಹೋಗುವವರು ಒಳ್ಳೆಯ ಹೊರಗಿನವರು.

ಇಷ್ಟಕ್ಕೇ ನಿಲ್ಲಿಸಿದರೆ ನನ್ನ ವಾದ ಅರೆಬರೆಯಾಗುತ್ತದೆ. ಎಲಿಯಟ್‌ಗೆ ಸ್ಪೇನಿನ ಮೇಲೆ ಯಾವ ಅಧಿಕಾರವೂ ಇರಲಿಲ್ಲ. ಬರೆಯುವವರು ಆಳುವವರ ಕಡೆಯವರಾಗಿದ್ದರೆ? ಬರೆಸಿಕೊಂಡವರು ತಮ್ಮ ನೆಲವನ್ನೇ ಕಳೆದುಕೊಂಡವರಾಗಿದ್ದರೆ? ನಾವು ವಾಸಿಸುವ ಮೂರು ನಗರಗಳು ಈ ಪ್ರಶ್ನೆಯಿಂದ ಯಾರನ್ನೂ ತಪ್ಪಿಸಿಕೊಳ್ಳಲು ಬಿಡುವುದಿಲ್ಲ.

ಪರ್ತ್‌ನಿಂದ ಉತ್ತರಕ್ಕೆ 132 ಕಿಲೋಮೀಟರ್ ಹೋದರೆ ನ್ಯೂ ನಾರ್ಸಿಯಾ. 1840ರ ದಶಕದಲ್ಲಿ ರೊಸೆಂಡೊ ಸಾಲ್ವಾಡೊ ಮತ್ತು ಹೊಸೆ ಸೆರ್ರಾ ಎಂಬ ಸ್ಪೇನಿನ ಬೆನೆಡಿಕ್ಟೈನ್ ಸನ್ಯಾಸಿಗಳು ಕಟ್ಟಿದ ಮಠದ ಊರು ಅದು. ಸಾಲ್ವಾಡೊ ಅಲ್ಲಿನ ನೂಂಗಾರ್ ಜನರ ಮಾತು ಕಲಿತರು, ಅವರ ಪದಗಳನ್ನೂ ನಡೆನುಡಿಯನ್ನೂ ಬರೆದಿಟ್ಟರು, 1851ರಲ್ಲಿ ರೋಮಿನಲ್ಲಿ ನೆನಪುಗಳ ಪುಸ್ತಕ ಪ್ರಕಟಿಸಿದರು. ಅವರ ದಿನಚರಿಗಳಿರುವುದು ಸ್ಪ್ಯಾನಿಷ್‌ನಲ್ಲಿ. ತಮ್ಮ ಮುತ್ತಜ್ಜಂದಿರ ಸುಳಿವು ಹುಡುಕುವ ನೂಂಗಾರ್ ಕುಟುಂಬ ಸ್ಪ್ಯಾನಿಷ್ ಹಾಳೆಗಳ ಮೂಲಕ, ಮಠದ ಪತ್ರಾಗಾರದ ಬಾಗಿಲಿನ ಮೂಲಕ ಹೋಗಬೇಕಾಗಿದೆ. ಮೂಲನಿವಾಸಿ ಮಕ್ಕಳನ್ನು ಮನೆಯಿಂದ ದೂರವಿಟ್ಟು ಬೆಳೆಸಿದ ಸಂಸ್ಥೆಗಳೂ ಅದೇ ಊರಿನಲ್ಲಿದ್ದವು. ಮಕ್ಕಳ ಮೇಲಿನ ದೌರ್ಜನ್ಯ ಕುರಿತು ತನಿಖೆ ನಡೆಸಿ 2017ರಲ್ಲಿ ಅಂತಿಮ ವರದಿ ಕೊಟ್ಟ ರಾಯಲ್ ಕಮಿಷನ್ ಈ ಊರಿನ ನೋವನ್ನೂ ದಾಖಲಿಸಿದೆ. ಬರೆದಿಟ್ಟ ಕೈಗಳೂ ಮಕ್ಕಳನ್ನು ಕಿತ್ತುಕೊಂಡ ವ್ಯವಸ್ಥೆಯೂ ಒಂದೇ ಆವರಣದಲ್ಲಿದ್ದವು.

ಬ್ರಿಸ್ಬೇನ್‌ನಲ್ಲಿ ಟಾಮ್ ಪೆಟ್ರಿ ಇದ್ದರು. ಸ್ಕಾಟ್ಲೆಂಡಿನಲ್ಲಿ ಹುಟ್ಟಿ, ಮಗುವಾಗಿದ್ದಾಗಲೇ ಆಗ ಕೈದಿಗಳ ನೆಲೆಯಾಗಿದ್ದ ಈ ಊರಿಗೆ ಬಂದು, ಅಲ್ಲಿನ ಮೂಲನಿವಾಸಿ ತುರ್‌ಬಲ್ ಜನರ ಮಕ್ಕಳೊಂದಿಗೆ ಆಡುತ್ತ ಅವರ ಭಾಷೆಯನ್ನು ತನ್ನದೆಂಬಂತೆ ಕಲಿತವರು. ಮಗಳು ಕಾನ್ಸ್‌ಟೆನ್ಸ್ ಬರೆದುಕೊಂಡ ಅವರ ನೆನಪುಗಳು 1904ರಲ್ಲಿ ಪುಸ್ತಕವಾದವು. ಅದೇ ನಗರದಲ್ಲಿ ಬೌಂಡರಿ ಸ್ಟ್ರೀಟ್ ಎಂಬ ಬೀದಿಗಳು ಇಂದಿಗೂ ಇವೆ. ಮೂಲನಿವಾಸಿಗಳನ್ನು ಊರ ಹೊರಗಿಟ್ಟ ಗಡಿಯ ಗುರುತು ಆ ಹೆಸರುಗಳಲ್ಲಿ ಉಳಿದಿದೆ.

ಅಡಿಲೇಡ್‌ನ ಕಥೆಯಲ್ಲಿ ಇನ್ನೊಂದು ತಿರುವಿದೆ. 1838ರಲ್ಲಿ ಬಂದ ಜರ್ಮನ್ ಮಿಷನರಿಗಳಾದ ಟೈಕೆಲ್‌ಮನ್ ಮತ್ತು ಶೂರ್‌ಮನ್ ಅಲ್ಲಿನ ಮೂಲನಿವಾಸಿಗಳ ಗೌರ್ನಾ ಭಾಷೆಯ ವ್ಯಾಕರಣ, ಪದಕೋಶಗಳನ್ನು 1840ರಲ್ಲೇ ಅಚ್ಚುಹಾಕಿಸಿದರು. ಆ ಭಾಷೆಯನ್ನು ಸರಾಗವಾಗಿ ಆಡಬಲ್ಲವರಲ್ಲಿ ಕೊನೆಯವರೆಂದು ನೆನೆಯಲಾಗುವ ಇವಾರಿಟ್ಜಿ 1929ರಲ್ಲಿ ತೀರಿಕೊಂಡರು. ದಶಕಗಳ ಮೌನದ ಬಳಿಕ ಗೌರ್ನಾ ಜನ ಆ ಹಳೆಯ ಪದಕೋಶವನ್ನು ಕೈಗೆತ್ತಿಕೊಂಡು ತಮ್ಮ ಮಾತನ್ನು ಮತ್ತೆ ಎಬ್ಬಿಸಿದರು. 2002ರಿಂದ ‘ಗೌರ್ನಾ ವಾರಾ ಪಿಂಟ್ಯಾಂಡಿ’ ಎಂಬ ಗುಂಪಿನಲ್ಲಿ ಸಮುದಾಯದವರೂ ಭಾಷಾವಿಜ್ಞಾನಿಗಳೂ ಒಟ್ಟಿಗೆ ಕೂತು ಕೆಲಸ ಮಾಡುತ್ತಿದ್ದಾರೆ. ನಗರದ ನಡುವಿನ ವಿಕ್ಟೋರಿಯಾ ಚೌಕಕ್ಕೆ ಈಗ ತರ್ಂಡನ್ಯಂಗಾ ಎಂಬ ಹೆಸರೂ ಇದೆ.

ಹೊರಗಿನವರು ಬರೆಯದಿದ್ದರೆ ಆ ಭಾಷೆಯನ್ನು ಮತ್ತೆ ಎಬ್ಬಿಸಲು ಆಧಾರವೇ ಇರುತ್ತಿರಲಿಲ್ಲ. ಹಾಗೆಂದು ಆ ಬರವಣಿಗೆ ಆಕ್ರಮಣದ ಪಾಪವನ್ನು ತೊಳೆಯುವುದೂ ಇಲ್ಲ. ಎರಡೂ ಸತ್ಯಗಳನ್ನು ಒಟ್ಟಿಗೆ ಹಿಡಿದುಕೊಳ್ಳಲೇಬೇಕು. ಅಡಿಲೇಡ್ ಕಲಿಸುವ ಪಾಠ ಏನೆಂದರೆ, ದಾಖಲೆ ಯಾರ ಕೈಯಿಂದ ಹುಟ್ಟಿತು ಎಂಬುದರಷ್ಟೇ, ಅದು ಕೊನೆಗೆ ಯಾರ ಕೈ ಸೇರಿತು ಎಂಬುದೂ ಮುಖ್ಯ. ಬರೆಸಿಕೊಂಡವರು ಓದಲು, ಪ್ರಶ್ನಿಸಲು, ತಿದ್ದಲು ಸಾಧ್ಯವಾದ ದಿನ ಹೊರಗಿನವರ ಬರಹ ನ್ಯಾಯದ ಕಡೆಗೆ ಒಂದು ಹೆಜ್ಜೆ ಇಡುತ್ತದೆ.

ಹಾಗಾದರೆ ಹಕ್ಕನ್ನು ಗಳಿಸುವುದು ಹೇಗೆ? ಮೂರು ಹೊಣೆಗಳು ನನಗೆ ಕಾಣುತ್ತವೆ. ಯಾರ ಬಗ್ಗೆ ಬರೆಯುತ್ತೇವೋ ಅವರ ಭಾಷೆ ಕಲಿಯುವುದು ಮೊದಲನೆಯದು, ಪೊಲೀಸನ ಗದರಿಕೆಯ ನಡುವೆಯೂ ಎಲಿಯಟ್ ಕಲಿತಂತೆ. ಆಧಾರಗಳನ್ನು ಎಲ್ಲರ ಪರಿಶೀಲನೆಗೆ ತೆರೆದಿಡುವುದು ಎರಡನೆಯದು. ಒಲಿವಾರೆಸ್‌ನ ಚದುರಿಹೋಗಿದ್ದ ಪತ್ರಗಳನ್ನು ಎಲಿಯಟ್ ಸ್ಪೇನಿನ ವಿದ್ವಾಂಸ ಹೊಸೆ ಫ್ರಾನ್ಸಿಸ್ಕೊ ದೆ ಲಾ ಪೆನ್ಯಾ ಅವರ ಜೊತೆ ಸೇರಿ ಸಂಪಾದಿಸಿ, ಸ್ಪ್ಯಾನಿಷ್‌ನಲ್ಲೇ ಪ್ರಕಟಿಸಿದರು. ಬರೆಸಿಕೊಂಡವರ ಉತ್ತರಕ್ಕೆ ಕಿವಿಗೊಟ್ಟು, ಅದಕ್ಕೆ ಮತ್ತೆ ಉತ್ತರಿಸುವುದು ಮೂರನೆಯದು. 2018ರಲ್ಲಿ, 88ರ ವಯಸ್ಸಿನಲ್ಲಿ, ಎಲಿಯಟ್ ಸ್ಕಾಟ್ಲೆಂಡ್ ಮತ್ತು ಕೆಟಲೋನಿಯಾಗಳನ್ನು ಹೋಲಿಸಿ ಪುಸ್ತಕ ಬರೆದಾಗ ಕೆಟಲೋನಿಯಾದ ಪ್ರತ್ಯೇಕತಾವಾದಿಗಳಿಗೆ ಅದು ರುಚಿಸಲಿಲ್ಲ. ಆ ಅಸಮಾಧಾನದ ಎದುರು ಅವರು ಮರೆಯಾಗಲಿಲ್ಲ.

ಈ ಮೂರೂ ಹೊಣೆಗಳು ಒಳಗಿನವರಿಗೂ ಸಲ್ಲುತ್ತವೆ ಎಂಬುದು ನನ್ನ ವಾದದ ತಿರುಳು. ಪರ್ತ್‌ನಲ್ಲೋ ಅಡಿಲೇಡ್‌ನಲ್ಲೋ ಬೆಳೆಯುವ ಕನ್ನಡದ ಮಗುವಿಗೆ ವಿಜಯನಗರ ರಕ್ತದಿಂದ ಬರುವುದಿಲ್ಲ. ಕನ್ನಡ ಓದಲು ಕಲಿತರೆ, ಹೆರಾಸರನ್ನೂ ಅವರಿಗೆ ಎದುರಾಡಿದವರನ್ನೂ ಓದಿದರೆ ಬರುತ್ತದೆ. ಹಾಗೆಯೇ ತಾನು ನಿಂತ ನೆಲದ ನೂಂಗಾರ್, ತುರ್‌ಬಲ್, ಗೌರ್ನಾ ಜನರ ಚರಿತ್ರೆ ತನಗೆ ಸಂಬಂಧಿಸಿದ್ದಲ್ಲ ಎಂದು ಆ ಮಗು ಪಕ್ಕಕ್ಕೆ ಸರಿಯುವಂತಿಲ್ಲ. ಆ ನೆಲದ ಅನ್ನ ಉಂಡ ಮೇಲೆ ಅದರ ಚರಿತ್ರೆಗೂ ನಾವು ಉತ್ತರ ಕೊಡಬೇಕಾದವರೇ. ನಮ್ಮ ಸಂಘಗಳು ರಾಜ್ಯೋತ್ಸವದ ವೇದಿಕೆಯಲ್ಲಿ ಹಂಪಿಯನ್ನು ಹೊಗಳುವ ಜೊತೆಗೆ ಮಕ್ಕಳಿಗೆ ಹಂಪಿಯ ವಿವಾದಗಳನ್ನೂ ಕಲಿಸಲಿ, ತಾವು ನೆಲೆಸಿರುವ ನೆಲದ ಮೂಲನಿವಾಸಿ ಹಿರಿಯರನ್ನು ಕರೆದು ಅವರ ಬಾಯಿಂದಲೇ ಅವರ ಕಥೆ ಕೇಳಲಿ. ಪೂರ್ವಜರ ಹೆಸರು ಹೇಳಿದ ಮಾತ್ರಕ್ಕೆ ಚರಿತ್ರೆ ಯಾರದೂ ಆಗುವುದಿಲ್ಲ. ಅದಕ್ಕಾಗಿ ದುಡಿದು, ಅದರ ಬಗ್ಗೆ ಆಡಿದ ಪ್ರತಿ ಮಾತಿಗೂ ಉತ್ತರ ಕೊಡಲು ಸಿದ್ಧರಿರುವವರು ಎಲ್ಲೇ ಹುಟ್ಟಿರಲಿ, ಆ ಚರಿತ್ರೆಯಲ್ಲಿ ಅವರಿಗೆ ಪಾಲಿದೆ.