ಹುಟ್ಟದವರಿಗೆ ತೀರಿಸಬೇಕಾದ ಋಣ

ದೇವಋಣ, ಋಷಿಋಣ, ಪಿತೃಋಣ ಎಂದು ಮೂರು ಋಣಗಳನ್ನು ನಮ್ಮ ಹಿರಿಯರು ಎಣಿಸಿದರು. ಮೂರೂ ನಮಗಿಂತ ಮೊದಲಿನವರಿಂದ ಪಡೆದುದಕ್ಕೆ ಸಲ್ಲತಕ್ಕವು. ಇನ್ನೂ ಹುಟ್ಟದವರಿಗೆ ನಾವು ತೀರಿಸಬೇಕಾದ ಋಣವೊಂದಿದೆಯೆ? ಪರಮಾಣು ವಿದ್ಯುತ್ತಿನ ತ್ಯಾಜ್ಯವು ಈ ಪ್ರಶ್ನೆಯನ್ನು ನಮ್ಮ ಮುಂದಿಟ್ಟಿದೆ.

ಸ್ಥಾವರದಲ್ಲಿ ಬಳಸಿ ತೆಗೆದ ಯುರೇನಿಯಂ ಇಂಧನದಲ್ಲಿ ಮುಖ್ಯವಾಗಿ ಎರಡು ಬಗೆಯ ವಿಕಿರಣ ಶೇಷಗಳಿರುತ್ತವೆ. ಸೀಸಿಯಂ-137, ಸ್ಟ್ರಾನ್ಷಿಯಂ-90 ಮುಂತಾದವು ಸುಮಾರು 30 ವರ್ಷಕ್ಕೊಮ್ಮೆ ಅರ್ಧಕ್ಕಿಳಿಯುತ್ತವೆ. 300 ವರ್ಷಗಳಲ್ಲಿ ಸಾವಿರದಲ್ಲೊಂದು ಪಾಲು ಮಾತ್ರ ಉಳಿಯುತ್ತದೆ. ಪ್ಲುಟೋನಿಯಂ-239 ಹಾಗಲ್ಲ. ಅದು ಅರ್ಧವಾಗಲು ಸುಮಾರು 24,000 ವರ್ಷ ಬೇಕು.

ಈ ಅಂಕಿಗಳನ್ನು ನಮ್ಮ ಅಳತೆಗೋಲಿನಿಂದಲೇ ಅಳೆಯೋಣ. ನಮ್ಮ ಕಾಸರಗೋಡು ಜಿಲ್ಲೆಯ ಬೇಕಲ ಕೋಟೆ 17ನೆಯ ಶತಮಾನದ್ದು. ಇಕ್ಕೇರಿಯ ನಾಯಕರು ಕಟ್ಟಿಸಿದ್ದೆಂದು ಇಂದಿಗೂ ಹೇಳುತ್ತೇವೆ. ಮುನ್ನೂರು ವರ್ಷದ ಕಾವಲು ಮನುಷ್ಯನ ನೆನಪಿಗೆ ನಿಲುಕುವಂಥದು. ಹಲ್ಮಿಡಿ ಶಾಸನಕ್ಕಾದರೋ ಸುಮಾರು 1,500 ವರ್ಷ. ಅದು ನಮ್ಮದೇ ಕನ್ನಡ. ಆದರೂ ಜೀವಮಾನವೆಲ್ಲ ಪಾಠ ಹೇಳಿದ ನಾನು ವಿದ್ವಾಂಸರ ನೆರವಿಲ್ಲದೆ ಅದನ್ನು ಓದಲಾರೆ. ಹಾಗಿರುವಾಗ 24,000 ವರ್ಷಗಳಾಚೆಯವರಿಗೆ ‘ಇಲ್ಲಿ ಅಗೆಯಬೇಡಿ’ ಎಂದು ಯಾವ ಲಿಪಿಯಲ್ಲಿ ಬರೆದಿಡುವುದು?

ಈ ದೀರ್ಘಾಯುಷಿ ಶೇಷವನ್ನು ಮತ್ತೆ ಇಂಧನವಾಗಿಸಿ ಉರಿಸುವ ಮಾರ್ಗವೊಂದನ್ನು ವಿಜ್ಞಾನಿಗಳು ಸೂಚಿಸಿದ್ದಾರೆ. ಹೀಲಿಯಂ ಅನಿಲದಿಂದ ತಂಪಾಗಿಸುವ ರಿಯಾಕ್ಟರಿನಲ್ಲಿ ಇಂಧನವು ಗಸಗಸೆಯಷ್ಟು ಸಣ್ಣ ಕಣಗಳ ರೂಪದಲ್ಲಿರುತ್ತದೆ. ಪ್ರತಿ ಕಣಕ್ಕೂ ಇಂಗಾಲ ಮತ್ತು ಸಿಲಿಕಾನ್ ಕಾರ್ಬೈಡಿನ ಕವಚ. ಆ ಕವಚ ಅತಿ ಶಾಖವನ್ನು ಬಹುಕಾಲ ತಾಳಬಲ್ಲುದಾದ್ದರಿಂದ ಪ್ಲುಟೋನಿಯಂ ಪರಮಾಣುಗಳ ಬಹುಪಾಲನ್ನು ಒಡೆದು ಅಲ್ಪಾಯುಷಿ ಶೇಷಗಳಾಗಿಸಬಹುದೆಂಬುದು ಅವರ ನಿರೀಕ್ಷೆ. ಅಮೆರಿಕದ ಪೀಚ್ ಬಾಟಮ್‌ನಲ್ಲಿ 1967ರಿಂದ 1974ರವರೆಗೆ ನಡೆದ ಇಂಥ ರಿಯಾಕ್ಟರಿನಲ್ಲಿ ಪ್ಲುಟೋನಿಯಂ ಕಣಗಳ ಪರೀಕ್ಷೆಯೂ ಆಗಿತ್ತು.

ಆದರೆ ಇದರಿಂದ ಋಣ ಪೂರ್ತಿ ತೀರದು. ಅರ್ಧವಾಗಲು ಎರಡು ಲಕ್ಷ ವರ್ಷ ಹಿಡಿಯುವ ಟೆಕ್ನೀಷಿಯಂ-99ರಂಥವು ಉಳಿದೇ ಉಳಿಯುತ್ತವೆ. ಪ್ಲುಟೋನಿಯಂ ಬೇರ್ಪಡಿಸಲು ಬಳಸಿದ ಇಂಧನವನ್ನು ಆಮ್ಲದಲ್ಲಿ ಕರಗಿಸಬೇಕು. ಆ ಅಪಾಯ ಇಂದಿನ ಕೆಲಸಗಾರನದು. ಬೇರ್ಪಟ್ಟ ಪ್ಲುಟೋನಿಯಂ ಬಾಂಬಿಗೂ ಒದಗುವ ವಸ್ತು. ದೂರದ ಮೊಮ್ಮಕ್ಕಳ ಭಾರ ಇಳಿಸಲು ಇಂದಿನವರು ಇಷ್ಟೆಲ್ಲ ಹೊರಬೇಕೆ?

ಹೊರಬೇಕೆಂದೇ ನನ್ನ ಅಭಿಪ್ರಾಯ. ಆ ವಿದ್ಯುತ್ತಿನ ಬೆಳಕನ್ನು ಕಂಡವರು ನಾವು. ಅಪಾಯವನ್ನು ಅರಿತು, ಒಪ್ಪಿ, ಎಚ್ಚರದಿಂದ ನಿಭಾಯಿಸುವ ಅವಕಾಶ ನಮಗಿದೆ. ಹುಟ್ಟದವರ ಒಪ್ಪಿಗೆಯನ್ನು ಕೇಳುವವರಾರು? ಕಾಸರಗೋಡಿನವರಿಗೆ ಇದು ಬರಿಯ ತರ್ಕವಲ್ಲ. ಗೇರು ತೋಟಗಳ ಮೇಲೆ ಆಕಾಶದಿಂದ ಎಂಡೋಸಲ್ಫಾನ್ ಸುರಿದಾಗ ಊರವರ ಒಪ್ಪಿಗೆಯನ್ನು ಯಾರೂ ಕೇಳಲಿಲ್ಲ. ನಡೆಯಲಾರದ ಮಗನನ್ನು, ಅವನು ಬೆಳೆದು ದೊಡ್ಡವನಾದ ಮೇಲೂ, ಎತ್ತಿಕೊಂಡೇ ಓಡಾಡುವ ತಾಯಂದಿರನ್ನು ನಾವು ಕಂಡಿದ್ದೇವೆ.

ಒಂದು ಎಚ್ಚರಿಕೆಯ ಮಾತು. ತೀರಿಸುವ ಉಪಾಯ ಸಿಕ್ಕಿತೆಂದು ಹೊಸ ಸಾಲಕ್ಕೆ ಕೈಯೊಡ್ಡುವವನು ಋಣಮುಕ್ತನಾಗಲಾರ. ತ್ಯಾಜ್ಯವನ್ನು ಕಡಿಮೆ ಮಾಡುವ ವಿದ್ಯೆಯು ಇನ್ನಷ್ಟು ತ್ಯಾಜ್ಯಕ್ಕೆ ಪರವಾನಗಿಯಾಗಬಾರದು.

ನಮ್ಮ ಶಾಲೆಯಲ್ಲೊಂದು ನಿಯಮವಿತ್ತು: ಕರಿಹಲಗೆಯ ಮೇಲೆ ಬರೆದವರೇ ಒರಸಿ ಹೋಗಬೇಕು. ಸುಣ್ಣದ ಗುರುತು ಎಷ್ಟು ಒರಸಿದರೂ ತುಸು ಉಳಿಯುತ್ತಿತ್ತು. ಅದಕ್ಕಾಗಿ ನಾನು ಯಾರನ್ನೂ ಗದರಿಸಲಿಲ್ಲ. ಒರಸದೆ ಹೋದವನನ್ನು ಮಾತ್ರ ಹಿಂದಕ್ಕೆ ಕರೆಯುತ್ತಿದ್ದೆ.