ಅಜ್ಜಿ ಸುಳ್ಳು ಹೇಳ್ತಾರಾ ಸಾರ್?

ವರ್ಷಕ್ಕೊಂದು ದಿನ ನಮ್ಮ ಕಂಪನಿಯಲ್ಲಿ ಸಮಾಜಸೇವೆಗೆ ಅಂತ ಬಿಡುವು ಕೊಡ್ತಾರೆ. ಎಲ್ಲರೂ ಒಂದೇ ಬಣ್ಣದ ಟೀ ಶರ್ಟ್ ಹಾಕ್ಕೊಂಡು ಹೋಗಿ, ಗಿಡ ನೆಟ್ಟು, ಗ್ರೂಪ್ ಫೋಟೋ ತೆಗೆಸ್ಕೊಂಡು ಬರೋದು. 2023ರಲ್ಲಿ ನಾನು ಗಿಡ ಬೇಡ, ಪಾಠ ಮಾಡ್ತೀನಿ ಅಂದೆ. ಬೆಂಗಳೂರಿನ ಹೊರವಲಯದ ಒಂದು ಸರ್ಕಾರಿ ಶಾಲೆ, ನಾಲ್ಕನೇ ಕ್ಲಾಸು. ಆಗಸ್ಟ್ 18, ಶುಕ್ರವಾರ.

ಆ ದಿನವೇ ಬೇಕು ಅಂತ ಹಟ ಹಿಡಿದಿದ್ದಕ್ಕೆ ಕಾರಣ ಇತ್ತು. ಅದು ಬೆಂಗಳೂರಿಗೆ ಶೂನ್ಯ ನೆರಳಿನ ದಿನ. ಸೂರ್ಯ ವರ್ಷವಿಡೀ ಉತ್ತರಕ್ಕೆ 23.5 ಡಿಗ್ರಿ, ದಕ್ಷಿಣಕ್ಕೆ ಅಷ್ಟೇ ಡಿಗ್ರಿ ಸರಿದಾಡುವುದರಿಂದ, 13 ಡಿಗ್ರಿಯಲ್ಲಿರುವ ನಮ್ಮ ನೆತ್ತಿಯ ಮೇಲೆ ನೆಟ್ಟಗೆ ಬರುವುದು ವರ್ಷಕ್ಕೆ ಎರಡೇ ಸಲ: ಏಪ್ರಿಲ್ 24ರ ಸುಮಾರಿಗೆ, ಮತ್ತೆ ಆಗಸ್ಟ್ 18ರ ಸುಮಾರಿಗೆ. ದೆಹಲಿಯವರಿಗೆ ಈ ಭಾಗ್ಯವೇ ಇಲ್ಲ. ಏಪ್ರಿಲ್‌ನಲ್ಲಿ ಹೇಗೂ ಶಾಲೆಗೆ ರಜೆ.

ಬಿಸಿಯೂಟದ ಸ್ಟೀಲ್ ಲೋಟ ಒಂದನ್ನು ಅಂಗಳದಲ್ಲಿ ಬೋರಲು ಹಾಕಿದ್ವಿ. ಹನ್ನೆರಡರಿಂದಲೇ ಮಕ್ಕಳು ಅದರ ನೆರಳಿನ ತುದಿಗೆ ಚಾಕ್‌ಪೀಸ್‌ನಲ್ಲಿ ಗುರುತು ಹಾಕ್ತಾ ಕೂತರು. ನಡುವೆ ಮೋಡ ಬಂದು ನನ್ನ ಜೀವ ಹೋಯ್ತು. 12.24ರ ಹೊತ್ತಿಗೆ ಬಿಸಿಲು ಬಿತ್ತು, ನೆರಳು ಲೋಟದ ಅಡಿಗೆ ಸೇರ್ಕೊಂಡಿತ್ತು. ಆಮೇಲೆ ಮೂವತ್ತೂ ಜನ ತಮ್ಮ ನೆರಳು ಎಲ್ಲಿ ಹೋಯ್ತು ಅಂತ ಕಾಲಡಿ ನೋಡ್ಕೊಂಡು ಕುಣಿದಿದ್ದೇ ಕುಣಿದಿದ್ದು.

ಚಂದ್ರಯಾನ-3ರ ಲ್ಯಾಂಡರ್ ಬೇರ್ಪಟ್ಟಿದ್ದು ಹಿಂದಿನ ದಿನವಷ್ಟೇ. ಹಾಗಾಗಿ ಊಟ ಆದಮೇಲೆ ಚಂದ್ರನ ಬಗ್ಗೆ ಹೇಳದೆ ಬಿಡುವ ಹಾಗಿರಲಿಲ್ಲ. ಟಾರ್ಚು ಸೂರ್ಯ, ಬಾಲು ಭೂಮಿ, ನಿಂಬೆಹಣ್ಣು ಚಂದ್ರ. ಭೂಮಿಯ ನೆರಳು ನಿಂಬೆಹಣ್ಣಿನ ಮೇಲೆ ಬಿತ್ತು, ಇದೇ ಗ್ರಹಣ ನೋಡಿ ಅಂದೆ. ಎರಡನೇ ಸಾಲಿನ ಹುಡುಗಿಯೊಬ್ಬಳು ಕೈ ಎತ್ತಿದಳು.

"ನಮ್ಮಜ್ಜಿ ಹಾವು ನುಂಗತ್ತೆ ಅಂತಾರೆ. ಹಂಗಾದ್ರೆ ಅಜ್ಜಿ ಸುಳ್ಳು ಹೇಳ್ತಾರಾ ಸಾರ್?"

"ಸುಳ್ಳಲ್ಲ ಪುಟ್ಟಿ, ಅಜ್ಜಿಗೆ ಗೊತ್ತಿಲ್ಲ ಅಷ್ಟೆ."

"ಗೊತ್ತಿಲ್ದೇ ಇರೋದನ್ನ ಯಾಕೆ ಹೇಳ್ತಾರೆ?"

ನನ್ನ ಹತ್ರ ಉತ್ತರ ಇರಲಿಲ್ಲ. ಅಷ್ಟಕ್ಕೇ ಬಿಡಲಿಲ್ಲ ಅವಳು. "ನೀವು ಗ್ರಹಣದ ದಿನ ಊಟ ಮಾಡ್ತೀರಾ ಸಾರ್?" ಮಾಡ್ತೀನಿ ಅಂದೆ. ಅರ್ಧ ನಿಜ.

ಉಳಿದರ್ಧ ಇಲ್ಲಿದೆ. 2019ರ ಡಿಸೆಂಬರ್ 26ರ ಸೂರ್ಯಗ್ರಹಣ ನಿಮಗೂ ನೆನಪಿರಬಹುದು, ಮಂಗಳೂರು, ಕೊಡಗಿನ ಕಡೆ ಕಂಕಣ ಕಂಡಿತ್ತು. ಬೆಂಗಳೂರಲ್ಲಿ ಪಾರ್ಶ್ವ. ನಾನು ಆಫೀಸಿನ ಟೆರೇಸ್ ಮೇಲೆ ಗ್ರಹಣದ ಕನ್ನಡಕ ಹಾಕ್ಕೊಂಡು, ಒಂದು ಕೈಯಲ್ಲಿ ಇಡ್ಲಿ ಪ್ಲೇಟ್ ಹಿಡ್ಕೊಂಡು ನಿಂತಿದ್ದೆ. ಹಾಸನದ ಕಡೆಯ ನಮ್ಮೂರಿಂದ ಅಮ್ಮನ ಫೋನ್. "ಹೊರಗೆ ಹೋಗಿಲ್ಲ ತಾನೇ? ಏನೂ ತಿಂದಿಲ್ಲ ತಾನೇ?" ಇಲ್ಲಮ್ಮ, ಒಳಗೇ ಇದೀನಿ ಅಂದೆ. ಮೂವತ್ತು ದಾಟಿದ, ಬಿ.ಇ. ಮಾಡಿದ ಗಂಡಸು.

ಇದನ್ನು ನಾನು ಕಲಿತದ್ದೂ ಶಾಲೆಯಲ್ಲೇ ಅನ್ಸುತ್ತೆ. ನಮ್ಮ ಮೇಷ್ಟ್ರು ಬೋರ್ಡಿನ ಮೇಲೆ ಮೂರು ವೃತ್ತ ಬರೆದು ಗ್ರಹಣವನ್ನು ಚೆನ್ನಾಗಿಯೇ ಹೇಳಿಕೊಟ್ಟಿದ್ದರು. 1999ರ ಆಗಸ್ಟ್ 11ರ ಸಂಜೆ ಗ್ರಹಣ ಹಿಡಿದಾಗ ಅವರ ಮನೆ ಬಾಗಿಲೂ ಮುಚ್ಚಿತ್ತು, ನಮ್ಮದೂ ಮುಚ್ಚಿತ್ತು. ನೀರಿನ ಕೊಡಕ್ಕೆ ಗರಿಕೆ ಹಾಕಿದ್ದೇ ನಾನು. ಪರೀಕ್ಷೆಯಲ್ಲಿ ಅದೇ ಚಿತ್ರ ಬರೆದು ಪೂರ್ತಿ ಮಾರ್ಕ್ಸ್ ತಗೊಂಡೆ. ಎರಡಕ್ಕೂ ತಾಳೆ ಇಲ್ಲವಲ್ಲ ಅಂತ ಒಂದು ಸಲವೂ ಅನ್ನಿಸಲಿಲ್ಲ. ಆ ಹುಡುಗಿಗೆ ಅನ್ನಿಸಿದೆ.

ಈ ಅಭ್ಯಾಸ ಹಳೆಯದು ಬಿಡಿ. ಗ್ರಹಣ ಅಂದ್ರೆ ಭೂಮಿ, ಚಂದ್ರರ ನೆರಳು ಅಂತ ಆರ್ಯಭಟ 499ರಲ್ಲೇ ಬರೆದಿಟ್ಟ. ಮುಂದೆ ಬಂದ ಬ್ರಹ್ಮಗುಪ್ತ ಆ ನೆರಳಿನ ಲೆಕ್ಕವನ್ನೇ ಹಾಕಿ ಗ್ರಹಣ ಗುಣಿಸಿದ. ಆದರೂ ರಾಹುವನ್ನು ಒಪ್ಪದವರು ಶಾಸ್ತ್ರಕ್ಕೆ ಎದುರಾಡ್ತಾರೆ ಅಂತ ಆಕ್ಷೇಪಿಸಿದ. ಹನ್ನೊಂದನೇ ಶತಮಾನದಲ್ಲಿ ಅಲ್ ಬಿರೂನಿ ಇದನ್ನು ಓದಿ, ಇಷ್ಟು ತಿಳಿದವನು ಹೀಗೇಕೆ ಬರೆದ ಅಂತ ತಲೆ ಕೆಡಿಸಿಕೊಂಡಿದ್ದಾನೆ. ನನಗೆ ಅಷ್ಟೇನೂ ಆಶ್ಚರ್ಯ ಆಗಲಿಲ್ಲ. ಬ್ರಹ್ಮಗುಪ್ತನಿಗೂ ಒಬ್ಬ ತಾಯಿ ಇದ್ದಿರಬೇಕು.

ತಮಾಷೆ ಇರಲಿ. ಹೋಗ್ಲಿ, ಯಾರಿಗೇನು ತೊಂದರೆ ಅಂತ ಸುಮ್ಮನಿರಬಹುದಿತ್ತು. ಆದರೆ ಅದೇ 2019ರ ಗ್ರಹಣದ ದಿನ ಕಲಬುರಗಿ ಹತ್ತಿರ ಅಂಗವಿಕಲ ಮಕ್ಕಳನ್ನು, ವಾಸಿಯಾಗುತ್ತೆ ಅನ್ನೋ ನಂಬಿಕೆಯಿಂದ, ಕುತ್ತಿಗೆವರೆಗೆ ಹೂತಿಟ್ಟಿದ್ದನ್ನು ಟೀವಿಯಲ್ಲಿ ನೋಡಿದ್ವಿ. ಹೂತವರು ಹೆತ್ತವರೇ, ಪ್ರೀತಿಯಿಂದಲೇ. ಬಸುರಿಯರನ್ನು ಗಂಟೆಗಟ್ಟಲೆ ನೀರೂ ಕೊಡದೆ ಕತ್ತಲೆ ಕೋಣೆಯಲ್ಲಿ ಕೂರಿಸೋದನ್ನು ನಮ್ಮ ಮನೆಗಳಲ್ಲೇ ನೋಡಿದೀವಿ.

ಹಾಗಂತ ಒಂಬತ್ತು ವರ್ಷದ ಹುಡುಗಿಗೆ ನಿಮ್ಮಜ್ಜಿ ಹೇಳೋದು ತಪ್ಪು, ಮನೆಗೆ ಹೋಗಿ ಹೇಳು ಅನ್ನೋಕೆ ನಾನ್ಯಾರು? ನಾನು ನಾಲ್ಕು ಗಂಟೆಗೆ ಕ್ಯಾಬ್ ಹತ್ತಿ ವಾಪಸ್ ಬರೋನು. ಅವಳಿಗೆ ಜಡೆ ಹಾಕೋದು, ಜ್ವರ ಬಂದ್ರೆ ರಾತ್ರಿಯೆಲ್ಲ ಪಕ್ಕ ಕೂರೋದು ಆ ಅಜ್ಜಿ. ಆ ಅಜ್ಜಿಗೆ ಗೊತ್ತಿರೋದೂ ಕಮ್ಮಿ ಅಲ್ಲ. ಅವತ್ತು ಮಘೆ ಮಳೆ ಶುರುವಾಗಿ ಒಂದೆರಡು ದಿನ ಆಗಿತ್ತು ಅಂತ ಅವರು ಥಟ್ಟನೆ ಹೇಳಿಯಾರು. ಮಳೆ ನಕ್ಷತ್ರ ಅಂದ್ರೆ ಸೂರ್ಯ ಆಗ ಯಾವ ನಕ್ಷತ್ರದ ಜಾಗದಲ್ಲಿದ್ದಾನೆ ಅನ್ನೋ ಲೆಕ್ಕ, ಒಂದೊಂದಕ್ಕೆ ಹದಿಮೂರು ಹದಿನಾಲ್ಕು ದಿನ. ನಮ್ಮ ಟೀಮಿನಲ್ಲಿ ಯಾರಿಗೂ ಅದು ಗೊತ್ತಿರಲಿಲ್ಲ. ಅದು ಸರಿ ಅಂತ ಹಾವು ಸರಿಯಾಗೋದಿಲ್ಲ, ಅದು ಬೇರೆ ಮಾತು.

ನನಗೆ ಕಸಿವಿಸಿ ಆಗಿದ್ದು ಇನ್ನೊಂದಕ್ಕೆ. ನಾನು ಅಮ್ಮನಿಗೆ ಫೋನಿನಲ್ಲಿ ಹೇಳಲಾಗದ ಮಾತನ್ನು ಆ ಮಗು ಅಜ್ಜಿಯ ಎದುರು ಕೂತು ಹೇಳಲಿ ಅಂತ ಕಾಯ್ತಿದ್ದೆ. ಪಾಠ ಅವಳದು ಸರಿ, ಜಗಳವನ್ನೂ ಅವಳ ಚೀಲಕ್ಕೇ ತುಂಬಿ ಕಳಿಸಿದ್ದೆ. ಆ ಜಗಳ ಆಡಬೇಕಾದವರು ನಾವು, ಸಂಬಳ ತಗೊಳ್ಳೋರು, ಬೈಸಿಕೊಂಡರೂ ರಾತ್ರಿ ಊಟ ತಪ್ಪದೋರು.

ಅಕ್ಟೋಬರ್ 28ರ ಶನಿವಾರ ರಾತ್ರಿ ಚಂದ್ರಗ್ರಹಣ ಇತ್ತು. ಮಧ್ಯಾಹ್ನವೇ ಅಮ್ಮನ ಫೋನ್ ಬಂತು. ಬೇಗ ಊಟ ಮುಗಿಸಿ ಮಲಕ್ಕೋ ಅಂದರು.

"ಇಲ್ಲಮ್ಮ, ಎದ್ದಿರ್ತೀನಿ. ಟೆರೇಸ್ ಮೇಲೆ ಹೋಗಿ ನೋಡ್ತೀನಿ. ಹೋದ ಸಲಾನೂ ನೋಡಿದ್ದೆ, ನಿಂಗೆ ಸುಳ್ಳು ಹೇಳಿದ್ದೆ."

ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಕಟ್ ಆಯ್ತೇನೋ ಅಂತ ಫೋನ್ ನೋಡ್ಕೊಂಡೆ.

"ಗೊತ್ತಿತ್ತು ಕಣೋ, ಗಾಳಿ ಸದ್ದು ಕೇಳ್ತಿತ್ತು" ಅಂದರು. ಆಮೇಲೆ, "ಎಷ್ಟೊತ್ತಿಗಂತೆ ಹಿಡಿಯೋದು?"

"ಒಂದೂ ಐದಕ್ಕೆ."

"ಪಂಚಾಂಗದಲ್ಲೂ ಅದೇ ಇದೆ" ಅಂದರು. "ನಿಮ್ಮಪ್ಪಂಗೆ ಹೇಳ್ಬೇಡ."