ಬಿಲ್ಲು ಯಾರ ಹೆಸರಿಗೆ?

ಎಕ್ಸ್‌ರೇಯಲ್ಲಿ ಕಂಡದ್ದು ಒಂದು ಸಣ್ಣ ಬಿಳಿ ಗೆರೆ ಮಾತ್ರ. ಅಕ್ಕಿಕಾಳಿಗಿಂತ ತೆಳು. ಡಾಕ್ಟರು ಪರದೆಯ ಮೇಲೆ ಅದಕ್ಕೆ ಬೆರಳಿಟ್ಟು, "ಇದು ಸ್ಟೇಪ್ಲರ್ ಪಿನ್ನಿನ ಹಾಗಿದೆ. ಆದರೆ ತೊಂದರೆ ಇದರದ್ದಲ್ಲ. ಇದರ ಜೊತೆಗೆ ಎಕ್ಸ್‌ರೇಗೆ ಸರಿಯಾಗಿ ಕಾಣದ್ದು ಏನೋ ಇದೆ" ಅಂದರು. ಸ್ಕ್ಯಾನಿಂಗ್ ಮಾಡಿದ ಮೇಲೆ, ಆ ರಾತ್ರಿಯೇ ಹೊಟ್ಟೆ ಕೊಯ್ಯಬೇಕು ಎಂದರು.

ಗುಂಡ ನಮ್ಮ ಮನೆಯ ಲ್ಯಾಬ್ರಡಾರ್. ವಯಸ್ಸು ನಾಲ್ಕು. ಹೈದರಾಬಾದಿನ ಕೊಂಡಾಪುರದ ನಮ್ಮ ಫ್ಲ್ಯಾಟಿನಲ್ಲಿ ಅವನು ತಿನ್ನದೆ ಬಿಟ್ಟದ್ದು ಗೋಡೆಗಳನ್ನು ಮಾತ್ರ. ಅದು ಮೇ ತಿಂಗಳು. ಸೋಮವಾರದಿಂದ ವಾಂತಿ ಶುರುವಾಗಿತ್ತು. ಮಂಗಳವಾರ ಬೆಳಿಗ್ಗೆ ನೀರೂ ನಿಲ್ಲಲಿಲ್ಲ. ಅನ್ನದ ತಟ್ಟೆಯ ಮುಂದೆ ಕೂತು ಮುಖ ತಿರುಗಿಸಿದ. ಲ್ಯಾಬ್ರಡಾರ್ ಸಾಕಿದವರಿಗೆ ಗೊತ್ತು, ಅದು ಊಟ ಬಿಟ್ಟಿತೆಂದರೆ ಆಮೇಲೆ ಥರ್ಮಾಮೀಟರ್ ಬೇಕಿಲ್ಲ.

ಆ ಬೆಳಿಗ್ಗೆ ಆಸ್ಪತ್ರೆಗೆ ಹೊರಡುವ ಮೊದಲು ನಾನು ಇನ್ನೊಂದು ಕೆಲಸ ಮಾಡಿದ್ದೆ. ಅಡುಗೆಮನೆಯ ಕಸದ ಬುಟ್ಟಿಯ ಮುಚ್ಚಳ ಹಾಕದೆ ಹೋಗಿದ್ದಾಳೆ ಅಂತ ಮನೆಗೆಲಸದಾಕೆಯನ್ನು ಬೈದಿದ್ದೆ. ಹೆಂಡತಿ, ಇಬ್ಬರು ಮಕ್ಕಳು, ಬಾಗಿಲಲ್ಲಿ ನಿಂತಿದ್ದ ಪಕ್ಕದ ಮನೆಯವರು, ಎಲ್ಲರೂ ಕೇಳುವಂತೆ. ಆಕೆ ಒಮ್ಮೆ ಮಾತ್ರ "ಮೂತ ಪೆಟ್ಟಾನು ಸಾರ್" ಅಂದಳು. ಮುಚ್ಚಳ ಹಾಕಿದ್ದೆ ಸಾರ್. ಆಮೇಲೆ ಮಾತಾಡಲಿಲ್ಲ.

ರಾತ್ರಿ ಹನ್ನೊಂದರ ಸುಮಾರಿಗೆ ಆಪರೇಷನ್ ಮುಗಿಯಿತು. ಒಳಗಿಂದ ಬಂದ ಹುಡುಗ ಸ್ಟೀಲ್ ಟ್ರೇಯೊಂದನ್ನು ನಮಗೆ ತೋರಿಸಿದ. ಅದರಲ್ಲಿ ಬಂಗನಪಲ್ಲಿ ಮಾವಿನ ಗೊರಟೆ. ಗೊರಟೆಯ ನಾರಿಗೆ ಸುತ್ತಿಕೊಂಡ ಬಿಳಿ ದಾರ. ದಾರದ ತುದಿಗೆ ಒಂದು ಪುಟ್ಟ ಪಿನ್ನು. ಟೀ ಬ್ಯಾಗಿನ ದಾರ ಅದು. ನಮ್ಮ ಮನೆಯಲ್ಲಿ ಗ್ರೀನ್ ಟೀ ಕುಡಿಯುವವನು ನಾನೊಬ್ಬನೇ.

ಆಗ ಎಲ್ಲ ನೆನಪಾಯಿತು. ಶನಿವಾರ ರಾತ್ರಿ ಅಮೆರಿಕದ ಕ್ಲೈಂಟ್ ಜೊತೆ ರಿಲೀಸ್ ಕಾಲ್ ಇತ್ತು. ಮೈಕ್ ಮ್ಯೂಟ್ ಮಾಡಿ ಎರಡು ಹಣ್ಣು ತಿಂದೆ. ಗೊರಟೆ, ಹಿಂಡಿದ ಟೀ ಬ್ಯಾಗು, ಎಲ್ಲವನ್ನೂ ತಟ್ಟೆಯಲ್ಲಿ ಹಾಕಿ ಕುರ್ಚಿಯ ಪಕ್ಕ ನೆಲದ ಮೇಲಿಟ್ಟೆ. ಬೆಳಿಗ್ಗೆ ತಟ್ಟೆ ತೊಳೆದಂತೆ ಸ್ವಚ್ಛವಾಗಿತ್ತು. ಅದನ್ನು ನೋಡಿಯೂ ನನಗೇನೂ ಅನ್ನಿಸಿರಲಿಲ್ಲ.

ಡಾಕ್ಟರು ವಿವರಿಸಿದರು. ಗೊರಟೆ ಹೊಟ್ಟೆಯಲ್ಲಿ ಕೆಲವು ದಿನ ಸುಮ್ಮನೆ ಕೂತಿರಬಹುದು. ಕರುಳಿಗೆ ಇಳಿದ ಮೇಲೆ ಕಥೆ ಬೇರೆ. ಸಿಕ್ಕಿಕೊಂಡ ಕಡೆ ಗೋಡೆಯನ್ನು ಒತ್ತುತ್ತದೆ, ಅಲ್ಲಿಗೆ ರಕ್ತ ಹೋಗುವುದು ನಿಲ್ಲುತ್ತದೆ, ಕರುಳು ಸಾಯುತ್ತದೆ. ದಾರ ಇನ್ನೂ ಅಪಾಯ. ಅದರ ಒಂದು ತುದಿ ಎಲ್ಲಾದರೂ ಸಿಕ್ಕಿಕೊಂಡರೆ, ಲಾಡಿ ಎಳೆದ ಪೈಜಾಮದ ಸೊಂಟದ ಹಾಗೆ ಕರುಳೆಲ್ಲ ಮುದುಡಿಕೊಳ್ಳುತ್ತದೆ, ದಾರ ಅದನ್ನು ಕೊಯ್ಯುತ್ತದೆ. ನುಂಗಿದ ಕೂಡಲೇ ಕರೆತಂದಿದ್ದರೆ ಎಂಡೋಸ್ಕೋಪಿಯಲ್ಲೇ ತೆಗೆಯಬಹುದಿತ್ತೇನೋ. ಇನ್ನೊಂದು ದಿನ ತಡವಾಗಿದ್ದರೆ ಕರುಳಿನ ಒಂದು ತುಂಡನ್ನೇ ಕತ್ತರಿಸಿ ಹೊಲಿಯಬೇಕಿತ್ತು.

ರಕ್ತಪರೀಕ್ಷೆ, ಎಕ್ಸ್‌ರೇ, ಸ್ಕ್ಯಾನಿಂಗ್, ಅರಿವಳಿಕೆ, ಆಪರೇಷನ್, ಮೂರು ದಿನದ ಡ್ರಿಪ್ಪು ಎಲ್ಲ ಸೇರಿ 64,300 ರೂಪಾಯಿ. ಫೋನಿನಲ್ಲಿ ಸ್ಕ್ಯಾನ್ ಮಾಡಿದೆ, ಪಿನ್ ಒತ್ತಿದೆ, ಟಿಂಗ್ ಅಂತು. ಅಷ್ಟೇ.

ಆಫೀಸಿನ ಊಟದ ಮೇಜಿನಲ್ಲಿ ಈ ಮೊತ್ತ ಹೇಳಿದಾಗ ಗೆಳೆಯನೊಬ್ಬ ಚಮಚ ಕೆಳಗಿಟ್ಟ. "ಇಷ್ಟು ದುಡ್ಡಲ್ಲಿ ಎಷ್ಟು ಮಕ್ಕಳ ಒಂದು ವರ್ಷದ ಫೀಸು ಕಟ್ಟಬಹುದಿತ್ತು, ಲೆಕ್ಕ ಹಾಕು" ಅಂದ. ಅವನ ಮಾತು ಹಗುರವಲ್ಲ. ತತ್ವಶಾಸ್ತ್ರಜ್ಞ ಪೀಟರ್ ಸಿಂಗರ್ 1972ರ ಒಂದು ಪ್ರಬಂಧದಲ್ಲಿ ಹೆಚ್ಚುಕಡಿಮೆ ಇದನ್ನೇ ಕೇಳಿದ್ದರು. ಕಣ್ಣೆದುರು ಕೊಳದಲ್ಲಿ ಮುಳುಗುತ್ತಿರುವ ಮಗುವನ್ನು ಎತ್ತಲು ಬಟ್ಟೆ ಕೊಳೆಯಾದರೂ ಚಿಂತಿಲ್ಲ ಅನ್ನುವ ನಾವು, ದೂರದ ಮಗುವಿಗಾಗಿ ಅಷ್ಟೇ ಖರ್ಚು ಮಾಡಲು ಯಾಕೆ ಹಿಂದೆಮುಂದೆ ನೋಡುತ್ತೇವೆ? ಈ ಪ್ರಶ್ನೆಗೆ ನನ್ನ ಬಳಿ ಪೂರ್ತಿ ಉತ್ತರವಿಲ್ಲ. ಆದರೆ ಗುಂಡನ ವಿಷಯದಲ್ಲಿ ಈ ಪ್ರಶ್ನೆಯೇ ಹೊಂದುವುದಿಲ್ಲ ಅಂತ ನಿಧಾನವಾಗಿ ಅನ್ನಿಸತೊಡಗಿತು. ಆ ಕೊಳಕ್ಕೆ ಗುಂಡನನ್ನು ತಳ್ಳಿದವನು ನಾನೇ. ತಳ್ಳಿದವನು ಎತ್ತುವುದು ದಾನವಲ್ಲ, ಸಾಲ ತೀರಿಸುವುದು. ನಾಯಿಯ ಬೆಲೆ ಅರವತ್ತನಾಲ್ಕು ಸಾವಿರವೇ ಅಂತ ಎಲ್ಲರೂ ಕೇಳಿದರು. ತಟ್ಟೆಯನ್ನು ನೆಲದ ಮೇಲಿಟ್ಟವರು ಯಾರು ಅಂತ ಯಾರೂ ಕೇಳಲಿಲ್ಲ.

ನಮ್ಮ ಕಸುಬಿನಲ್ಲಿ ಸರ್ವರ್ ಬಿದ್ದರೆ ಮರುದಿನ ಮೂಲಕಾರಣ ಹುಡುಕುವ ಸಭೆ ಇರುತ್ತದೆ. ಯಾರನ್ನೂ ದೂರಬಾರದು, ಏನಾಯಿತು ಅಂತ ಮಾತ್ರ ನೋಡಬೇಕು ಎನ್ನುವುದು ಅಲ್ಲಿನ ನಿಯಮ. ಆ ಸಭೆಗಳನ್ನು ನಡೆಸುವವನೇ ನಾನು. ಮನೆಯಲ್ಲಿ ಮಾತ್ರ ಸಭೆಗೆ ಮೊದಲೇ ತೀರ್ಪು ಕೊಟ್ಟಿದ್ದೆ, ಅದೂ ಎದುರು ಮಾತಾಡಲಾಗದವಳ ಮೇಲೆ.

ಗುಂಡನ ಹೊಟ್ಟೆಬಾಕತನಕ್ಕೂ ಅವನು ಪೂರ್ತಿ ಹೊಣೆಯಲ್ಲ. ಕೇಂಬ್ರಿಜ್‌ನ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಸುಮಾರು ಕಾಲು ಭಾಗದಷ್ಟು ಲ್ಯಾಬ್ರಡಾರ್‌ಗಳಲ್ಲಿ ಹಸಿವಿಗೆ ಸಂಬಂಧಿಸಿದ ಒಂದು ಜೀನಿನ ತುಣುಕು ಕಾಣೆಯಾಗಿರುತ್ತದೆ. ಅಂಥ ನಾಯಿಗಳಿಗೆ ತಿನ್ನುವುದರ ಮೇಲೇ ಹೆಚ್ಚು ಗಮನ. ಸಹಾಯಕ ನಾಯಿಗಳಲ್ಲಿ ಈ ಬದಲಾವಣೆ ಇನ್ನೂ ಹೆಚ್ಚಾಗಿ ಕಂಡಿತಂತೆ. ಬಿಸ್ಕತ್ತಿನ ಆಸೆಗೆ ಬೇಗ ಪಾಠ ಕಲಿಯುವ ನಾಯಿಗಳನ್ನೇ ಮನುಷ್ಯರು ಆರಿಸಿಕೊಂಡದ್ದು ಕಾರಣವಿರಬಹುದು. ನಮಗೆ ಬೇಕಾಗಿದ್ದ ಗುಣವೇ ಈಗ ಗೊರಟೆ ನುಂಗುತ್ತಿದೆ.

ನಾಯಿಗೆ ಮನುಷ್ಯ ಸಾಲಗಾರ ಎಂಬ ಮಾತು ನಮ್ಮವರಿಗೆ ಹೊಸದೇನಲ್ಲ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸಿಕ್ಕ ಹತ್ತನೆಯ ಶತಮಾನದ ಶಾಸನ ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ತಕ್ಕೋಲದ ಯುದ್ಧದ ನಂತರ ಗಂಗರ ಬೂತುಗನ ವೀರ ಮಣಲೇರ ಮೆಚ್ಚಿನ ಕೊಡುಗೆಯಾಗಿ ಕೇಳಿ ಪಡೆದದ್ದು ಕಾಳಿ ಎಂಬ ಬೇಟೆನಾಯಿಯನ್ನು. ಹಂದಿಯ ಮೇಲೆ ಬಿಟ್ಟಾಗ ಹಂದಿಯೂ ಸತ್ತಿತು, ಕಾಳಿಯೂ ಸತ್ತಿತು. ಅದಕ್ಕೆ ಕಲ್ಲು ನಿಲ್ಲಿಸಿದರು, ಪೂಜೆಗೆ ಭೂಮಿ ಬಿಟ್ಟರು, ಕಲ್ಲನ್ನು ಪೂಜಿಸದೆ ಉಣ್ಣುವ ಗೊರವನಿಗೆ ಪಾಪ ಎಂದು ಬರೆಸಿದರು. ಕಾಳಿ ತಾನಾಗಿ ಹಂದಿಯ ಹತ್ತಿರ ಹೋಗಲಿಲ್ಲ, ಬಿಟ್ಟವರು ಬಿಟ್ಟರು. ಆ ಕಲ್ಲಿನಲ್ಲಿ ನನಗೆ ಪ್ರೀತಿಗಿಂತ ಹೆಚ್ಚಾಗಿ ಕಾಣುವುದು ಲೆಕ್ಕ ಚುಕ್ತಾ ಮಾಡುವ ಪ್ರಯತ್ನ.

ಆ ವಾರ ಊರಿಗೆ ಫೋನ್ ಮಾಡಿದೆ. ಹುಮನಾಬಾದ್ ತಾಲೂಕಿನಲ್ಲಿ ನಮ್ಮದು ತೊಗರಿ, ಜೋಳದ ಒಕ್ಕಲುತನ. ಅಪ್ಪ ಬಯ್ಯುತ್ತಾರೆ ಅಂದುಕೊಂಡಿದ್ದೆ. "ಅರವತ್ನಾಕ ಸಾವಿರ? ನಾಯಿಗಿ?" ಅಂದರು. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ನಮ್ಮ ಬಿಳಿ ಎತ್ತ ನೆನಪ ಅದನ?" ಅಂತ ಕೇಳಿದರು.

ನೆನಪಿತ್ತು. ನಾನು ಎಂಟನೆಯ ತರಗತಿಯಲ್ಲಿದ್ದಾಗಿನ ಎತ್ತು. ಅದನ್ನು ಮಾರಿದ್ದು ಗೊತ್ತಿತ್ತು, ಯಾಕೆಂದು ಗೊತ್ತಿರಲಿಲ್ಲ. ಬಣವೆಯ ಬೇಲಿ ಕಟ್ಟುವಾಗ ಅಪ್ಪ ಕತ್ತರಿಸಿದ ತಂತಿಯ ಚೂರು ಕಣಿಕೆಯಲ್ಲಿ ಬಿದ್ದಿತ್ತಂತೆ. ದನ ನಾಯಿಯ ಹಾಗೆ ಆಸೆಬುರುಕತನದಿಂದ ನುಂಗುವುದಿಲ್ಲ. ಆದರೆ ಮೊದಲ ಸಲ ಅರೆಬರೆ ಅಗಿದು ನುಂಗಿಬಿಡುತ್ತದೆ, ಮೆಲುಕು ಹಾಕುವುದು ಆಮೇಲೆ. ಮೊಳೆ, ತಂತಿ ಹೊಟ್ಟೆಯ ಎರಡನೆಯ ಕೋಣೆಯಲ್ಲಿ, ಜೇನುಹುಟ್ಟಿನಂಥ ಗೋಡೆಯಲ್ಲಿ ಸಿಕ್ಕಿಕೊಳ್ಳುತ್ತವೆ. ಅದರ ಮುಂದೆ ವಪೆ, ವಪೆಯ ಆಚೆ ಹೃದಯ. ಹೊಟ್ಟೆ ಹಿಂಡಿದಂತೆಲ್ಲ ತಂತಿ ಮುಂದಕ್ಕೆ ಹೋಗುತ್ತದೆ. ಕೆಲವು ದೇಶಗಳಲ್ಲಿ ಹಸುಗಳಿಗೆ ಮೊದಲೇ ಅಯಸ್ಕಾಂತ ನುಂಗಿಸಿ ಕಬ್ಬಿಣವನ್ನು ಅಲ್ಲೇ ಹಿಡಿದಿಡುತ್ತಾರೆ. ನಮ್ಮೂರಲ್ಲಿ ಆಗ ಅಂಥದ್ದೇನೂ ಇರಲಿಲ್ಲ.

"ಡಾಕ್ಟರ್ ಮುಟ್ಟಿ ನೋಡಿ, ಎದಿ ಕಡಿ ಹೊಂಟದ, ಉಳಿಯಂಗಿಲ್ಲ ಅಂದ್ರು. ಮುಂದಿನ ಸಂತಿಗೇ ಹೊಡ್ಕೊಂಡು ಹೋದೆ. ತಗೊಂಡವ ಮುದುಕ. ಹಲ್ಲ ನೋಡ್ದ, ಗೊರಸ ನೋಡ್ದ. ಹೊಟ್ಟಿಯೊಳಗ ಏನದ ಅಂತ ಹೆಂಗ ನೋಡ್ತಾನ?"

ಆ ದುಡ್ಡಿನಲ್ಲಿ ಬಿತ್ತನೆ ಬೀಜ ಬಂತು. ಮಳೆ ಬಂತು. ನಾನು ಓದಿದೆ. ಅಪ್ಪ ಮೂವತ್ತು ವರ್ಷ ಈ ಮಾತನ್ನು ಹೊಟ್ಟೆಯಲ್ಲಿಟ್ಟುಕೊಂಡಿದ್ದರು. ಅವರನ್ನು ದೂರುವ ಧೈರ್ಯ ನನಗಿಲ್ಲ. ಒಂದು ಎತ್ತು ಹೋದರೆ ಒಂದು ವರ್ಷವೇ ಹೋಗುವ ಮನೆ ನಮ್ಮದು. ಆದರೆ ತಂತಿ ಬೀಳಿಸಿದ ತಪ್ಪಿನ ಬಿಲ್ಲನ್ನು ಕಟ್ಟಿದವನು ಆ ಮುದುಕ. ಅವನ ಮನೆಯ ಒಂದು ವರ್ಷವೂ ಹೋಗಿರಬೇಕು. ನನ್ನ ಗೊರಟೆಯ ಬಿಲ್ಲನ್ನೂ ನಾನು ಮೊದಲು ಬರೆದದ್ದು ಮನೆಗೆಲಸದವಳ ಹೆಸರಿಗೆ. ಬಿಲ್ಲು ಕೆಳಗಿನವರ ಕಡೆಗೇ ಜಾರುತ್ತದೆ. ಹಿಡಿದು ನಿಲ್ಲಿಸದಿದ್ದರೆ ಅದು ಅಲ್ಲಿಗೇ ಹೋಗಿ ನಿಲ್ಲುತ್ತದೆ.

ಎಲ್ಲಕ್ಕಿಂತ ಕೆಳಗಿನವರ ಹತ್ತಿರ ಫೋನೂ ಇಲ್ಲ, ಹೆಸರೂ ಇಲ್ಲ. ಚಿಕ್ಕಬಳ್ಳಾಪುರದ ಗಡಿಗೆ ಹತ್ತಿರದ ಪುಟ್ಟಪರ್ತಿಯಲ್ಲಿ ಕರುಣಾ ಸೊಸೈಟಿ ಎಂಬ ಪ್ರಾಣಿಗಳ ಆಶ್ರಯವಿದೆ. ಅಲ್ಲಿಗೆ ಬಂದ ಬೀದಿ ದನಗಳ ಹೊಟ್ಟೆ ಕೊಯ್ದಾಗ ಹತ್ತಾರು ಕಿಲೋ ಪ್ಲಾಸ್ಟಿಕ್ ಸಿಕ್ಕಿತು. ನಾವು ಉಳಿದ ಅನ್ನವನ್ನು ಕವರಿನಲ್ಲಿ ಹಾಕಿ ಗಂಟು ಕಟ್ಟಿ ಎಸೆಯುತ್ತೇವೆ. ಹಸುವಿಗೆ ಗಂಟು ಬಿಚ್ಚಲು ಕೈಯಿಲ್ಲ, ಕವರನ್ನೇ ನುಂಗುತ್ತದೆ. ಅದು ಕರಗುವುದಿಲ್ಲ, ಮುಂದೆಯೂ ಹೋಗುವುದಿಲ್ಲ. ಹೊಟ್ಟೆ ತುಂಬಿದಂತಿರುವ ಹಸು ಹಸಿವಿನಿಂದ ಸಾಯುತ್ತದೆ. ಆ ಸಂಸ್ಥೆ ಮತ್ತು ಇತರರು 2012ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಆ ಅರ್ಜಿಯಲ್ಲಿ ನನಗೆ ಕೇಳಿಸುವುದು ನನ್ನ ಪ್ರಶ್ನೆಯೇ: ತಟ್ಟೆಯನ್ನು ನೆಲದ ಮೇಲಿಟ್ಟವರು ಯಾರು? ಆಮೇಲೆ ನಿಯಮಗಳು ಬಂದವು. 2022ರ ಕೊನೆಯಿಂದ 120 ಮೈಕ್ರಾನಿಗಿಂತ ತೆಳುವಾದ ಕೈಚೀಲ ದೇಶದಲ್ಲೆಲ್ಲೂ ಇರಕೂಡದು. ನಮ್ಮ ಗಲ್ಲಿಯ ತರಕಾರಿ ಗಾಡಿಯಲ್ಲಿ ಮಾತ್ರ ಅದು ಈಗಲೂ ಪುಕ್ಕಟೆ ಸಿಗುತ್ತದೆ, ನಾನೂ ತೆಗೆದುಕೊಂಡಿದ್ದೇನೆ. ಗುಂಡನ ಬಿಲ್ಲು ನನ್ನ ಹೆಸರಿಗೆ ಬಂತು, ಕಟ್ಟಿದೆ, ದೊಡ್ಡ ಮನಸ್ಸಿನವನು ಅನ್ನಿಸಿಕೊಂಡೆ. ಬೀದಿ ಹಸುವಿನ ಬಿಲ್ಲು ಯಾರ ಹೆಸರಿಗೂ ಬರುವುದಿಲ್ಲ. ನನ್ನ ಪ್ರಾಮಾಣಿಕತೆ ಇನ್‌ವಾಯ್ಸ್ ಬರುವ ತನಕ ಮಾತ್ರವೇ ಎಂಬುದು ನನ್ನನ್ನು ಕುಟುಕುವ ಪ್ರಶ್ನೆ.

ಸಾಲವಾದರೆ ಎಷ್ಟರ ತನಕ ಅಂತ ನೀವು ಕೇಳಬಹುದು. ಸಾಲ ಮಾಡಿ ಆಪರೇಷನ್ ಮಾಡಿಸಬೇಕಾದವರಿಗೆ ನಾನು ಉಪದೇಶ ಹೇಳಲಾರೆ. ಗುಂಡನಿಗೆ ಹದಿಮೂರು ವರ್ಷವಾಗಿ ನೋವು ಮಾತ್ರ ಉಳಿದಿದ್ದರೆ ನನ್ನ ಲೆಕ್ಕವೂ ಬೇರೆಯಾಗುತ್ತಿತ್ತು. ಆದರೆ ದುಡ್ಡಿನ ಮಿತಿ ಯೋಚಿಸುವ ಮೊದಲು ತಪ್ಪು ಯಾರದೆಂದು ಬಾಯಿಬಿಟ್ಟು ಹೇಳಬೇಕು. ಅದಕ್ಕೆ ದುಡ್ಡು ಬೇಡ. ನನಗೆ ಕಷ್ಟವಾದದ್ದು ಅದೇ. ಅರವತ್ತನಾಲ್ಕು ಸಾವಿರ ಕಳಿಸಲು ಹತ್ತು ಸೆಕೆಂಡು ಸಾಕಾಯಿತು, ಈ ಒಂದು ಮಾತಿಗೆ ಎರಡು ದಿನ ಬೇಕಾಯಿತು.

ಶುಕ್ರವಾರ ಗುಂಡ ಮನೆಗೆ ಬಂದ, ಕೊರಳಿಗೆ ಪ್ಲಾಸ್ಟಿಕ್ ಕೊಳವೆ ಕಟ್ಟಿಕೊಂಡು ಬಾಗಿಲು ಬಾಗಿಲಿಗೂ ಢಿಕ್ಕಿ ಹೊಡೆಯುತ್ತ. ಆಕೆ ಒಳಗೆ ಬಂದವಳು ಮೊದಲು ಅವನ ಹೊಲಿಗೆ ಬಗ್ಗಿ ನೋಡಿದಳು. ಹೆಂಡತಿ, ಮಕ್ಕಳನ್ನು ಕರೆದು ಅವರ ಮುಂದೆಯೇ ನನಗೆ ಬರುವ ತೆಲುಗಿನಲ್ಲಿ ಹೇಳಿದೆ, ಗೊರಟೆ ನನ್ನ ತಟ್ಟೆಯದು, ತಪ್ಪು ನನ್ನದು, ನಿನ್ನನ್ನು ಬೈಯಬಾರದಿತ್ತು ಅಂತ. ಪರವಾಗಿಲ್ಲ ಸಾರ್ ಅನ್ನುತ್ತಾಳೆ ಅಂತ ಕಾದೆ. ಆಕೆ ಹಾಗೆ ಅನ್ನಲಿಲ್ಲ.

"ನೇನು ಚೆಪ್ಪಾನು ಕದಾ ಸಾರ್, ಮೂತ ಪೆಟ್ಟಾನನಿ" ಅಂದಳು. ನಾನು ಹೇಳಿದ್ದೆನಲ್ಲ ಸಾರ್, ಮುಚ್ಚಳ ಹಾಕಿದ್ದೆ ಅಂತ.

ಆಮೇಲೆ ಪೊರಕೆ ಎತ್ತಿಕೊಂಡು ನನ್ನ ಕುರ್ಚಿಯ ಕಡೆಯಿಂದ ಗುಡಿಸಲು ಶುರುಮಾಡಿದಳು.